ಹೆರ್ ಶಿವಣ್ಣ

ನನ್ನ ಹೆಸರು ಮಂಜುನಾಥ ಎಚ್.ಎಸ್. ಎಚ್ ಅಂದ್ರೆ ಹೊಸದುರ್ಗ, ಎಸ್ ಅಂದ್ರೆ ಶಿವಣ್ಣ, ನಮ್ಮಪ್ಪ. ಮೂವತ್ತೊಂದು ವರ್ಷ ಈ ಎರಡಕ್ಷರ ಬಾಲದ ಥರ ನನ್ನ ಹಿಂದೆ ಸುಮ್ನೆ ಬರ್ತಿದ್ವು, ಯಾರಿಗೂ ಏನೂ ತೊಂದ್ರೆ ಕೊಟ್ಟಿರ್ಲಿಲ್ಲ. 2025ರಲ್ಲಿ ಜರ್ಮನಿಯಲ್ಲಿ ಒಂದು ಸಾಫ್ಟ್‌ವೇರ್ ಕೆಲಸ ಸಿಕ್ತು ನೋಡಿ, ಅಲ್ಲಿಂದ ಬಾಲ ಮುಂದೆ ಬಂತು, ನಾನು ಹಿಂದೆ ಹೋದೆ.

ಪಾಸ್‌ಪೋರ್ಟ್ ಮಾಡಿಸುವಾಗ್ಲೇ ಇದಕ್ಕೆ ಬೀಜ ಬಿದ್ದಿತ್ತು. ಫಾರ್ಮಲ್ಲಿ ಗಿವನ್ ನೇಮ್ ಒಂದು ಡಬ್ಬ, ಸರ್‌ನೇಮ್ ಒಂದು ಡಬ್ಬ. ನಮ್ಮ ಕಡೆ ಸರ್‌ನೇಮ್ ಯಾರಿಗಿರುತ್ತೆ? ಖಾಲಿ ಬಿಡೋಣ ಅಂದ್ರೆ ಸೈಬರ್ ಸೆಂಟರ್ ಹುಡುಗ "ಬ್ಯಾಡ ಸಾರ್, ಫಾರಿನ್‌ಗೆ ಹೋಗುವಾಗ ತೊಂದ್ರೆ ಆಗುತ್ತೆ" ಅಂದ. ನಾನು ಆಗ ಫಾರಿನ್‌ಗೆ ಹೋಗೋ ಯೋಚ್ನೇಲೇ ಇರ್ಲಿಲ್ಲ, ಆದ್ರೂ ಅವನು ಹೇಳಿದ್ದು ಕೇಳಿ ಖುಷಿಯಾಗಿ ಆ ಡಬ್ಬದಲ್ಲಿ ಅಪ್ಪನ್ನ ಕೂರಿಸ್ಬಿಟ್ಟೆ. ಕಂಪನಿಯಿಂದ ಮೊದಲ್ನೇ ಮೇಲ್ ಬಂದಾಗ "ಡಿಯರ್ ಮಿಸ್ಟರ್ ಶಿವಣ್ಣ, ನಿಮ್ಮನ್ನು ಆಯ್ಕೆ ಮಾಡಲು ಹರ್ಷಿಸುತ್ತೇವೆ" ಅಂತಿತ್ತು. ನಮ್ಮಪ್ಪ ಕೆಇಬಿ ಲೈನ್‌ಮನ್ ಆಗಿ ರಿಟೈರ್ ಆದವ್ರು, ಅವ್ರಿಗೆ ಓದಿ ಹೇಳಿದೆ. "ಸಂಬಳ ಎಷ್ಟಂತೆ ನಂಗೆ?" ಅಂದ್ರು.

ಸಂಬಳದ್ದೇ ಒಂದು ಕಥೆ. ಜರ್ಮನಿಯವ್ರು ಓದಿದೋರಿಗೆ ಅಲ್ಲಿದ್ದು ಕೆಲಸ ಮಾಡಕ್ಕೆ ಬ್ಲೂ ಕಾರ್ಡ್ ಅಂತ ಒಂದು ಪರ್ಮಿಟ್ ಕೊಡ್ತಾರೆ, ಅದಕ್ಕೆ ವರ್ಷಕ್ಕೆ ಇಷ್ಟು ಸಂಬಳ ಇರ್ಲೇಬೇಕು ಅಂತ ರೂಲ್ಸು. 2025ಕ್ಕೆ ಮಾಮೂಲಿಯಾಗಿ 48,300 ಯೂರೋ, ಜನ ಸಿಗದೆ ಒದ್ದಾಡ್ತಿರೋ ಕೆಲಸಗಳಿಗೆ, ಅದ್ರಲ್ಲಿ ನಮ್ಮ ಐಟಿನೂ ಬರುತ್ತೆ, 43,759 ಯೂರೋ 80 ಸೆಂಟ್. ಆ 80 ಸೆಂಟ್ ನೋಡಿದಾಗ್ಲೇ ನಂಗೆ ಗೊತ್ತಾಗ್ಬೇಕಿತ್ತು ಇವ್ರು ಎಂಥಾ ಜನ ಅಂತ. ನನ್ನ ಕಾಂಟ್ರಾಕ್ಟಲ್ಲಿ 43,700 ಅಂತ ರೌಂಡ್ ಮಾಡಿ ಹಾಕಿದ್ರು. ಸಂಕೋಚ ಪಟ್ಕೊಂಡು, ನಾಲ್ಕು ಸಲ ಡ್ರಾಫ್ಟ್ ಬರೆದು ಅಳಿಸಿ, ಸ್ವಲ್ಪ ಕಮ್ಮಿ ಬೀಳುತ್ತೆ ಅಂತ ಮೇಲ್ ಹಾಕ್ದೆ. ಎಚ್ಆರ್ ಮೇಡಂ ಪಾಪ ತುಂಬಾ ಸಾರಿ ಕೇಳಿ ಎರಡೇ ದಿನದಲ್ಲಿ ಹೊಸ ಕಾಂಟ್ರಾಕ್ಟ್ ಕಳಿಸಿದ್ರು. 43,760. ಅಂದ್ರೆ ಸರ್ಕಾರ ಕೇಳಿದ್ದಕ್ಕಿಂತ 20 ಸೆಂಟ್ ಜಾಸ್ತಿ. ತರಕಾರಿಯವ್ರು ಕೊಸರು ಅಂತ ಹಾಕೋ ಕೊತ್ತಂಬರಿ ಸೊಪ್ಪಿಗೂ ಇದಕ್ಕಿಂತ ಬೆಲೆ ಇದೆ.

ಆಮೇಲೆ ಡಾಕ್ಯುಮೆಂಟ್ಸ್ ಎಲ್ಲಾ ಮಂಚದ ಮೇಲೆ ಹರಡ್ಕೊಂಡು ಕೂತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮಂಜುನಾಥ ಎಚ್ ಎಸ್. ಪಿಯುಸಿಯಲ್ಲಿ ಎಚ್ ಎಸ್ ಮಂಜುನಾಥ. ಡಿಗ್ರಿಯಲ್ಲಿ ಕೊನೇ ಎ ಅಕ್ಷರ ಬಿದ್ದೋಗಿ ಮಂಜುನಾಥ್. ಹಳೇ ಕಂಪನಿಯ ರಿಲೀವಿಂಗ್ ಲೆಟರಲ್ಲಿ ಮಂಜು ಬೇರೆ ನಾಥ್ ಬೇರೆ, ಮಧ್ಯೆ ಒಬ್ಬ ಕೂರೋವಷ್ಟು ಜಾಗ. ಪಾಸ್‌ಪೋರ್ಟಲ್ಲಿ ಮಂಜುನಾಥ ಹೊಸದುರ್ಗ ಶಿವಣ್ಣ. ಆಧಾರಲ್ಲಿ ಮಾತ್ರ ಮಂಜುನಾತ, ಥಕ್ಕೆ ಹೊಟ್ಟೆ ಸೀಳಿರ್ಲಿಲ್ಲ ಅಂತ ಅಲ್ಲ, ಅಕ್ಷರನೇ ಬೇರೆ. ಅದನ್ನ ಜರ್ಮನಿಯವ್ರು ಓದಲ್ಲ ಬಿಡಿ ಅಂತ ಪಕ್ಕಕ್ಕಿಟ್ಟೆ. ಆದ್ರೂ ಐದು ಜನ ಉಳಿದ್ರು.

ಐದೂ ಜನ ಒಬ್ಬನೇ ಅಂತ ಅಫಿಡವಿಟ್ ಮಾಡಿಸ್ಬೇಕು ಅಂತ ಯಾರೋ ಅಂದ್ರು. ಕೋರ್ಟ್ ಎದುರು ಹೊಂಗೆ ಮರದ ಕೆಳಗೆ ಒಂದು ಜೆರಾಕ್ಸ್ ಅಂಗಡಿ, ಅಲ್ಲಿ ಟೈಪ್ ಮಾಡೋರು ಬಾಯಲ್ಲಿ ಎಲೆ ಅಡಿಕೆ ಇಟ್ಕೊಂಡೇ ಕೇಳಿದ್ರು.

"ಎಷ್ಟು ಹೆಸರು ಸಾರ್?"

"ಐದು."

"ಐದೂ ನೀವೇನಾ?"

"ಹೂಂ."

ಸ್ಕ್ರೀನ್ ನೋಡಿದ್ರು, ನನ್ನ ನೋಡಿದ್ರು. "ಫಾರ್ಮ್ಯಾಟಲ್ಲಿ ಮೂರಕ್ಕೇ ಜಾಗ ಇರೋದು. ಎರಡಕ್ಕೆ ಎಕ್ಸ್‌ಟ್ರಾ ಆಗುತ್ತೆ."

ಎಕ್ಸ್‌ಟ್ರಾ ಕೊಟ್ಟೆ, ನೋಟರಿ ಸೀಲ್ ಹಾಕಿಸ್ದೆ, ಬಸ್ಸಲ್ಲಿ ಕೂತು ಆರಾಮಾಗಿ ಓದ್ತೀನಿ, ಶಿವಣ್ಣನವರ ಮಗಳಾದ ಮಂಜುನಾಥ ಅಂತಿದೆ. ನನಗಿಂತ ಮುಂಚೆ ಯಾರೋ ಹೆಣ್ಮಗಳು ಮದುವೆ ಆದ್ಮೇಲೆ ಹೆಸರು ಬದಲಾಯಿಸ್ಕೊಳಕ್ಕೆ ಬಂದಿದ್ರಂತೆ, ಅದ್ರ ಮೇಲೇ ನನ್ನ ಹೆಸರು ಹೊಡೆದಿದಾರೆ. ವಾಪಸ್ ಹೋದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಪೆನ್ನಲ್ಲಿ ತಿದ್ದಿ, ತಿದ್ದಿದ ಜಾಗಕ್ಕೆ ಒಂದು ರೌಂಡ್ ಸೀಲ್ ಒತ್ತಿಸಿ ಕೊಟ್ರು. "ಈಗ ಗಂಡಾಯ್ತು ನೋಡಿ ಸಾರ್."

ಇಷ್ಟರಲ್ಲಿ ದೊಡ್ಡಪ್ಪನ ಮಗ ಫೋನ್ ಮಾಡ್ದ. ಅವನು ಪೋಲೆಂಡಿಗೆ ಹೋಗಿರೋನು, ಅಂದ್ರೆ ಯೂರೋಪಿನ ವಿಷಯದಲ್ಲಿ ನಮ್ಮ ವಂಶಕ್ಕೆ ಅವನೇ ಸುಪ್ರೀಂ ಕೋರ್ಟು. "ಲೋ, ಡಿಗ್ರಿಗೆ ಅಪೊಸ್ಟಿಲ್ ಮಾಡಿಸ್ದ್ಯಾ? ಅದಿಲ್ದಿದ್ರೆ ಒಳಗೂ ಬಿಟ್ಕೊಳಲ್ಲ." ಅಪೊಸ್ಟಿಲ್ ಅಂದ್ರೆ ಇದರ ಸಹಿ ಸೀಲು ಅಸಲಿ ಅಂತ ವಿದೇಶಾಂಗ ಇಲಾಖೆಯವ್ರು ಸರ್ಟಿಫಿಕೇಟಿನ ಬೆನ್ನಿಗೆ ಅಂಟಿಸಿ ಕೊಡೋ ಸ್ಟಿಕ್ಕರ್. ಏಜೆಂಟ್ ಹಿಡಿದು, ನಾಲ್ಕು ಸಾವಿರ ಚಿಲ್ಲರೆ ಕೊಟ್ಟು, ಮೂರು ವಾರ ಕಾದು ಮಾಡಿಸ್ದೆ. ಆಮೇಲೆ, ಯಾವಾಗ್ಲೂ ಆಮೇಲೆನೇ ತಾನೇ ನಾವು ಓದೋದು, ರಾತ್ರಿ ಕೂತು ಓದಿದ್ರೆ ಭಾರತ ಈ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ, ಆಗ ಆಕ್ಷೇಪಣೆ ಎತ್ತಿದ ದೇಶಗಳಲ್ಲಿ ಜರ್ಮನಿನೂ ಒಂದು, ಅವ್ರು ಅದನ್ನ ವಾಪಸ್ ತಗೊಂಡೇ ಇಲ್ಲ, ನಮ್ಮ ಸ್ಟಿಕ್ಕರ್‌ಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ. ದೊಡ್ಡಪ್ಪನ ಮಗನಿಗೆ ಹೇಳಿದ್ರೆ "ಇರ್ಲಿ ಬಿಡೋ, ನೀಟಾಗಿ ಕಾಣ್ತದಲ್ಲ" ಅಂದ.

ಅವ್ರಿಗೆ ಬೇಕಾಗಿದ್ದು ಅನಾಬಿನ್. ಯಾವ ದೇಶದ ಯಾವ ಯೂನಿವರ್ಸಿಟಿ, ಯಾವ ಡಿಗ್ರಿ ತಮ್ಮದಕ್ಕೆ ಸಮ ಅಂತ ಬರೆದಿಟ್ಟಿರೋ ಅವರ ಡೇಟಾಬೇಸು. ಅದಿರೋದು ಜರ್ಮನ್ನಲ್ಲಿ. ನಮ್ಮ ಯೂನಿವರ್ಸಿಟಿ ಹೆಸರಿನ ಮುಂದೆ ಎಚ್ ಪ್ಲಸ್ ಅಂತ ಇದ್ರೆ ಪಾಸು. ಇತ್ತು. ಎಂಜಿನಿಯರಿಂಗಲ್ಲಿ ಗಣಿತ ಪಾಸಾದಾಗ್ಲೂ ನಾನು ಅಷ್ಟು ಜೋರಾಗಿ ಕೂಗಿರ್ಲಿಲ್ಲ, ಪಕ್ಕದ ಮನೆ ಆಂಟಿ ವೀಸಾನೇ ಬಂತು ಅಂದ್ಕೊಂಡು ಕೇಸರಿಬಾತ್ ಮಾಡ್ಕೊಂಡು ಬಂದ್ರು. ಬಂದಿಲ್ಲ ಆಂಟಿ ಅನ್ನಕ್ಕೆ ಮನಸ್ಸಾಗ್ದೆ ತಿಂದೆ.

ಫೋಟೋ 35 ಮಿಲಿಮೀಟರ್ ಅಗಲ 45 ಎತ್ತರ, ಬಾಯಿ ಮುಚ್ಚಿರ್ಬೇಕು, ನಗಂಗಿಲ್ಲ. ಊರಿನ ಸ್ಟುಡಿಯೋದಲ್ಲೇ ತೆಗೆಸ್ದೆ, ಅಲ್ಲೇ ತಪ್ಪಾಗಿದ್ದು. ಸ್ಟುಡಿಯೋದವ್ನು ಪ್ರೀತಿಯಿಂದ, ಕಾಸು ಕೂಡಾ ಕೇಳ್ದೆ, ಕಂಪ್ಯೂಟರಲ್ಲಿ ನಂಗೊಂದು ನೀಲಿ ಕೋಟು ಟೈ ಹಾಕಿ, ಕೆನ್ನೆ ಮೇಲಿನ ಮಚ್ಚೆ ತೆಗೆದು, ಮೂರು ಶೇಡ್ ಬೆಳ್ಳಗೆ ಮಾಡಿದ್ದ. ಅಮ್ಮನಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ ಎರಡು ಕಾಪಿ ಮದುವೆ ಬ್ರೋಕರ್‌ಗೂ ಕೊಟ್ಟಿದಾರೆ.

ಬೆಂಗಳೂರಿಗೆ ಹೊರಡೋ ಹಿಂದಿನ ದಿನ ಅಮ್ಮ ಹಾಲುರಾಮೇಶ್ವರಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ಕೊಳದ ಹತ್ರ ಕೂತು ಗಂಗಮ್ಮನ್ನ ಬೇಡ್ಕೊಂಡ್ರೆ ನೀರಲ್ಲಿ ಪ್ರಸಾದ ತೇಲಿ ಬರುತ್ತೆ ಅಂತ ನಂಬಿಕೆ. ನಮಗೆ ತೆಂಗಿನಕಾಯಿ ಬಂತು. ನಾನು ಸುಮ್ನಿರ್ಲಾರ್ದೆ "ಅಮ್ಮಾ, ಹೋದ ಕೆಲಸ ಹಣ್ಣೋ ಕಾಯೋ ಅಂತ ಕೇಳ್ತಾರಲ್ಲ, ಇದು ಕಾಯಿ ಬಂತಲ್ಲ" ಅಂದೆ. ದೇವಸ್ಥಾನ ಅಂತಾನೂ ನೋಡ್ದೆ ತಲೆ ಮೇಲೆ ಮೊಟಕಿದ್ರು.

ವೀಸಾ ಸೆಂಟರಲ್ಲಿ ಕೌಂಟರ್ ಮೇಡಂ ನನ್ನ ಫೋಟೋ ತಗೊಂಡು ಪಾಸ್‌ಪೋರ್ಟ್ ಪಕ್ಕ ಹಿಡಿದ್ರು. ಆಮೇಲೆ ನನ್ನ ಪಕ್ಕ ಹಿಡಿದ್ರು. "ಸರ್, ಇದು ಬೇರೆಯವ್ರ ಫೋಟೋ ಬಂದಿದೆ ಅನ್ಸುತ್ತೆ."

"ನಾನೇ ಮೇಡಂ."

"ನೀವಾ?"

ಬ್ಯಾಗಲ್ಲಿ ಅಫಿಡವಿಟ್ ಇತ್ತು, ಆದ್ರೆ ಅದು ಹೆಸರಿಗೆ ಮಾತ್ರ, ಮುಖಕ್ಕೆ ಮಾಡಿಸಿರ್ಲಿಲ್ಲ. ಅಲ್ಲೇ ಮೂಲೇಲಿ ಫೋಟೋ ತೆಗೆಯೋರಿದ್ರು, ಹೋಗಿ ನಿಂತೆ. ಬಂದ ಫೋಟೋ ನೋಡಿದ್ರೆ ರಾತ್ರಿ ಅಡಿಕೆ ಕದ್ದು ಸಿಕ್ಕಿಬಿದ್ದೋನ ಥರ ಇದೀನಿ. ಮೇಡಂ ತಕ್ಷಣ ಒಪ್ಕೊಂಡ್ರು. ಅಫಿಡವಿಟ್ ಮುಂದಿಟ್ಟೆ, ಒಂದು ಬೆರಳಲ್ಲಿ ವಾಪಸ್ ತಳ್ಳಿದ್ರು. "ಇದು ಬೇಡ ಸರ್, ಪಾಸ್‌ಪೋರ್ಟಲ್ಲಿರೋ ಹೆಸರೇ ಫೈನಲ್." ಡಿಗ್ರಿ ತಿರುಗಿಸಿ ಹಿಂದಿನ ಸ್ಟಿಕ್ಕರ್ ಆದ್ರೂ ನೋಡ್ತಾರಾ ಅಂತ ಆಸೆಯಿಂದ ಕಾದೆ. ನೋಡ್ಲಿಲ್ಲ. ನಾನೇ ಒಂದು ಸಲ ತಿರುಗಿಸಿಟ್ಟೆ, ಅವ್ರು ಮತ್ತೆ ಸರಿ ಮಾಡಿಟ್ರು.

ಐದು ವಾರಕ್ಕೆ ವೀಸಾ ಬಂತು. ಆಂಟಿಗೆ ಮತ್ತೆ ಕೇಸರಿಬಾತ್ ಮಾಡಿ ಅನ್ನಕ್ಕೆ ಮುಖ ಬರ್ಲಿಲ್ಲ.

ಈಗ ಇಲ್ಲಿ ನಾನು ಹೆರ್ ಶಿವಣ್ಣ, ಹೆರ್ ಅಂದ್ರೆ ಜರ್ಮನ್ನಲ್ಲಿ ಮಿಸ್ಟರ್. ಆಫೀಸಲ್ಲಿ ಶಿವಣ್ಣ, ಬ್ಯಾಂಕಲ್ಲಿ ಶಿವಣ್ಣ, ಆಸ್ಪತ್ರೇಲಿ ಹೆಸರು ಕೂಗಿದ್ರೆ ಅಪ್ಪ ಎಲ್ಲಾದ್ರೂ ಬಂದಿದಾರಾ ಅಂತ ಇವತ್ತಿಗೂ ತಿರುಗಿ ನೋಡ್ತೀನಿ. ಇಲ್ಲಿ ಫ್ಲಾಟಿಗೆ ಸಾಮಾನ್ಯವಾಗಿ ನಂಬರ್ ಇರಲ್ಲ, ಕಾಲಿಂಗ್ ಬೆಲ್ ಮೇಲೆ, ಪೋಸ್ಟ್ ಡಬ್ಬದ ಮೇಲೆ ಮನೆತನದ ಹೆಸರು ಹಾಕ್ಬೇಕು, ಇಲ್ಲಾಂದ್ರೆ ಕಾಗದ ವಾಪಸ್ ಹೋಗುತ್ತೆ. ಬೆಲ್ಲಿನ ಚೀಟಿ ವಿಡಿಯೋ ಕಾಲಲ್ಲಿ ತೋರಿಸ್ದೆ. ಅಪ್ಪ ಕನ್ನಡಕ ಹಾಕ್ಕೊಂಡು ಅಕ್ಷರ ಅಕ್ಷರ ಓದಿದ್ರು, ಏನೂ ಮಾತಾಡ್ಲಿಲ್ಲ, ಮಾರನೇ ದಿನ ಹೋಟೆಲ್ಲಲ್ಲಿ ಎಲ್ಲರಿಗೂ ಹೇಳಿದಾರೆ ಜರ್ಮನೀಲಿ ನಂದೊಂದು ಮನೆ ಇದೆ ಅಂತ.

ಆ ಡಬ್ಬಕ್ಕೆ ಬಂದ ಮೊದಲ್ನೇ ಕಾಗದ ಟಿವಿ ರೇಡಿಯೋ ಫೀಸಿಂದು. ತಿಂಗಳಿಗೆ 18 ಯೂರೋ 36 ಸೆಂಟ್, ಮನೇಲಿ ಟಿವಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ನನ್ನ ಹತ್ರ ಟಿವಿ ಇಲ್ಲ. ಅಪ್ಪನಿಗೆ ಹೇಳ್ದೆ, ಕಾಗದ ನಿಮ್ಮ ಹೆಸರಿಗೇ ಬಂದಿದೆ ಅಂತಾನೂ ಸೇರಿಸ್ದೆ.

"ನನ್ನ ಹೆಸರಿಗಾ? ನಾನು ಇಲ್ಲಿ ಚಂದನ ಬಿಟ್ರೆ ಇನ್ನೇನೂ ನೋಡಲ್ಲ, ಅದೂ ವಾರ್ತೆ ಮಾತ್ರ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ಧ್ವನಿ ತಗ್ಗಿಸಿ, "ಲೋ ಮಂಜ, ಆ ಶಿವಣ್ಣನೇ ಬೇರೆ ಈ ಶಿವಣ್ಣನೇ ಬೇರೆ ಅಂತ ಆ ಹೊಂಗೆ ಮರದೋನ ಹತ್ರ ಒಂದು ಅಫಿಡವಿಟ್ ಮಾಡಿಸ್ಲೇನೋ?"