ಪುಟ್ಟಮಲ್ಲಿಯಿಂದ ಪುಟ್ಟಕ್ಕನವರೆಗೆ

ಸಿನಿಮಾದಲ್ಲಿ ನಗಿಸುವ ಹೆಂಗಸರಿಗೆ ಒಂದು ವಿಚಿತ್ರ ಕಷ್ಟ ಇದೆ. ತೆರೆ ಮೇಲೆ ಬಂದು ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ನಾವು ನಗೋದಕ್ಕೆ ರೆಡಿ ಆಗಿರುತ್ತೇವೆ. ಚೊಂಬು ಹಿಡಿದು ಸುಮ್ನೆ ಆ ಕಡೆಯಿಂದ ಈ ಕಡೆಗೆ ನಡೆದುಹೋದರೂ ನಗು. ಮೊದಮೊದಲು ಇದು ವರ. ಆಮೇಲೆ ಯಾವತ್ತೋ ಒಂದು ದಿನ ಆಕೆ ನಿಜವಾಗಿ ಅಳಬೇಕಾದ ದೃಶ್ಯ ಬರುತ್ತದಲ್ಲ, ಆಗ ಗೊತ್ತಾಗುತ್ತದೆ ಆ ವರದ ಬೆಲೆ.

ಉಮಾಶ್ರೀಯವರನ್ನು ನೋಡುವಾಗಲೆಲ್ಲ ನನಗೆ ಇದೇ ಯೋಚನೆ. ತುಮಕೂರು ಜಿಲ್ಲೆಯ ನೊಣವಿನಕೆರೆಯವರು. 1984ರಲ್ಲಿ ಬಂದ ಕಾಶಿನಾಥರ 'ಅನುಭವ' ಅವರನ್ನು ಊರೂರಿಗೆ ಪರಿಚಯ ಮಾಡಿಸಿತು. ಪರಿಚಯ ಅಂದರೆ ಎಂಥ ಪರಿಚಯ! ದೊಡ್ಡವರು ಒಳಗೊಳಗೇ ನಕ್ಕು, ಮಕ್ಕಳ ಮುಂದೆ ಮಾತು ಬದಲಿಸುವಂಥ ಸಿನಿಮಾ ಅದು. ಅಲ್ಲಿಂದ ಮುಂದೆ ಹಾಸ್ಯನಟ ಎನ್‌.ಎಸ್‌. ರಾವ್‌ ಜೊತೆ ಅವರದೊಂದು ಜೋಡಿ ಕುದುರಿತು. ಪೋಸ್ಟರಿನಲ್ಲಿ ಹೀರೊ ಯಾರಾದರೂ ಇರಲಿ, ಒಳಗೆ ಇವರಿಬ್ಬರು ಇದ್ದಾರೆ ಅಂದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನುವ ಕಾಲ.

ಆಗಿನ ಸಿನಿಮಾಗಳಲ್ಲಿ ಕಾಮಿಡಿ ಟ್ರ್ಯಾಕ್ ಅಂತ ಒಂದು ಇರುತ್ತಿತ್ತು. ಕಥೆಗೂ ಅದಕ್ಕೂ ಎಷ್ಟೋ ಸಲ ಸಂಬಂಧವೇ ಇರುತ್ತಿರಲಿಲ್ಲ. ಅತ್ತ ಹೀರೊ ತಾಯಿಗೆ ಕಾಯಿಲೆ, ಇತ್ತ ಇವರಿಬ್ಬರು ಜಗಳ ಆಡುತ್ತಾ ಇರುತ್ತಾರೆ. ಹೀರೊಯಿನ್‌ಗೆ ಕಷ್ಟ ಬಂದಾಗ ಪಿಟೀಲು ಅಳುತ್ತದೆ, ಇವರು ಬಂದ ಕೂಡಲೇ ಕ್ಲಾರಿನೆಟ್ ಕುಣಿಯುತ್ತದೆ. ಕೆಲವೇ ದಿನಗಳ ಕಾಲ್‌ಶೀಟ್, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಸಿನಿಮಾ ಉದ್ದವಾಯಿತು ಅಂದರೆ ಕತ್ತರಿ ಮೊದಲು ಬೀಳುವುದೂ ಇಲ್ಲಿಗೇ. ಕಥೆಗೆ ಬೇಡವಾದವರು, ಆದರೆ ಟಿಕೆಟ್ ಮಾರೋದಕ್ಕೆ ಬೇಕಾದವರು.

ಮಾತುಗಳೋ, ಬಹಳಷ್ಟು ಡಬಲ್ ಮೀನಿಂಗ್. ಎಲ್ಲವೂ ಚೆನ್ನಾಗಿದ್ದವು ಅಂತ ನಾನು ಹೇಳುವುದಿಲ್ಲ. ಈಗ ಟಿವಿಯಲ್ಲಿ ಮತ್ತೆ ಬಂದಾಗ ಕೆಲವು ದೃಶ್ಯಗಳು ಸಪ್ಪೆ, ಕೆಲವು ಬರೀ ಮುಜುಗರ. ಆದರೆ ಮಾತನ್ನು ಬಿಟ್ಟು ಉಮಾಶ್ರೀಯವರನ್ನು ಮಾತ್ರ ನೋಡಿ. ಟಿವಿ ಸೌಂಡ್ ಪೂರ್ತಿ ಕಡಿಮೆ ಮಾಡಿಯೇ ನೋಡಿ. ಎದುರಿನವರು ಮಾತು ಮುಗಿಸುತ್ತಾರೆ. ಇವರು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಕತ್ತು, ಆಮೇಲೆ ಸೆರಗು. ಬಾಯಿ ಕಡೆಗೆ. ನಾವು ಕಣ್ಣು ತಿರುಗಿದಾಗಲೇ ನಕ್ಕುಬಿಟ್ಟಿರುತ್ತೇವೆ, ಮಾತು ಬರೀ ನೆಪ.

ಇದು ನಾಟಕದವರ ವಿದ್ಯೆ. ಆದರೆ ನಾಟಕದಲ್ಲಿ ಎದುರಿಗೆ ಜನ ಇರುತ್ತಾರೆ. ನಕ್ಕರೆ ಕೇಳಿಸುತ್ತದೆ, ನಗು ಇಳಿಯುವವರೆಗೆ ಕಾದು ಮುಂದಿನ ಮಾತು ಆಡಬಹುದು. ಶೂಟಿಂಗ್‌ನಲ್ಲಿ ಯಾರು ನಗುತ್ತಾರೆ? ಲೈಟ್ ಬಾಯ್ ಊಟ ಯಾವಾಗ ಅಂತ ಯೋಚಿಸುತ್ತಿರುತ್ತಾನೆ, ಕ್ಯಾಮೆರಾದವರು ಫೋಕಸ್ ನೋಡುತ್ತಿರುತ್ತಾರೆ. ನಕ್ಕರೆ ಟೇಕ್ ಹಾಳು. ಯಾವುದೋ ಊರಿನ ಟಾಕೀಸಿನಲ್ಲಿ ತಿಂಗಳುಗಳ ನಂತರ ಜನ ಎಷ್ಟು ಹೊತ್ತು ನಗಬಹುದು ಅಂತ ಅಂದಾಜು ಮಾಡಿ, ಅಷ್ಟೇ ಜಾಗ ಬಿಟ್ಟು ಮಾತಾಡಬೇಕು. ಜಾಸ್ತಿ ಬಿಟ್ಟರೆ ದೃಶ್ಯ ಜೋಲುತ್ತದೆ, ಕಡಿಮೆ ಬಿಟ್ಟರೆ ಮುಂದಿನ ಮಾತು ಗಲಾಟೆಯಲ್ಲಿ ಮುಳುಗುತ್ತದೆ. ಅಳಿಸೋದಕ್ಕೆ ಈ ಲೆಕ್ಕ ಬೇಡ. ಅಳುವವರು ಶಬ್ದ ಮಾಡದೆ ಅಳುತ್ತಾರೆ ಪಾಪ.

ಇಷ್ಟೆಲ್ಲ ಮಾಡಿದ ಹೆಂಗಸರಿಗೆ ಸಿಕ್ಕಿದ್ದೇನು? ನರಸಿಂಹರಾಜು ಅವರನ್ನು ಹಾಸ್ಯ ಚಕ್ರವರ್ತಿ ಅಂದೆವು. ಸರಿಯೇ, ಅವರು ಚಕ್ರವರ್ತಿಯೇ. ಆದರೆ ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ, ಬಿ. ಜಯ, ರೇಖಾ ದಾಸ್ ಇವರಲ್ಲಿ ಯಾರಿಗೆ ಸಿಂಹಾಸನ ಹಾಕಿದೆವು? ಒಬ್ಬರನ್ನು ಘಟವಾಣಿ ಅತ್ತೆ ಅಂದೆವು, ಇನ್ನೊಬ್ಬರನ್ನು ಇಂಥವರ ಜೋಡಿ ಅಂದೆವು. ಉಮಾಶ್ರೀಯವರೂ ಬಹಳ ಕಾಲ ಯಾರದಾದರೂ ಜೋಡಿಯಾಗಿಯೇ ಇದ್ದರು.

ಅಷ್ಟರಲ್ಲಿ 'ಪುಟ್ನಂಜ' ಬಂತು. 1995. ರವಿಚಂದ್ರನ್ ಹೀರೊ, ಉಮಾಶ್ರೀ ಅವರ ಅಜ್ಜಿ ಪುಟ್ಟಮಲ್ಲಿ. ಆಗ ಈ ಅಜ್ಜಿಗೆ ವಯಸ್ಸು 38. ಮೊಮ್ಮಗನಿಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೇ! ಬೇರೆ ಯಾವ ನಟಿಯಾದರೂ ಈ ಪಾತ್ರ ಅಂದರೆ ದೂರ ಓಡುತ್ತಿದ್ದರು. ಆ ವಯಸ್ಸಿನಲ್ಲಿ ಹೀರೊಗಳು ಕಾಲೇಜಿಗೆ ಹೋಗುತ್ತಿರುತ್ತಾರೆ, ಅಲ್ವಾ? ನಗಿಸುವವರಿಗೆ ಇರುವ ಒಂದೇ ಒಂದು ಲಾಭ ಇದು ಅನ್ನಿಸುತ್ತದೆ ನನಗೆ. ಚೆಂದ ಕಾಣಬೇಕು ಅನ್ನುವ ಹಂಗಿಲ್ಲ. ಹೀರೊಯಿನ್ ಒಂದು ಬಿಳಿ ಕೂದಲಿಗೆ ಹೆದರುತ್ತಿದ್ದ ಹೊತ್ತಿನಲ್ಲಿ ಇವರು ತಲೆತುಂಬ ಬಿಳಿ ಹಚ್ಚಿಕೊಂಡು ಇಡೀ ಸಿನಿಮಾದಲ್ಲಿ ಓಡಾಡಿದರು. ಮೇಕಪ್ಪಿನವರು ಕೂದಲು ಬೆಳ್ಳಗೆ ಮಾಡಬಹುದು, ಮುದುಕಿಯ ನಡಿಗೆ ಕೊಡೋದಕ್ಕಾಗುವುದಿಲ್ಲ. ಅಜ್ಜಿ ಜೋರು ಮಾಡಿದರೆ ನಗು, ಮೊಮ್ಮಗನ ಮೇಲಿನ ಪ್ರೀತಿಗೆ ಕಣ್ಣೀರು, ಎರಡೂ ಒಂದೇ ಪಾತ್ರದಲ್ಲಿ. ಇವತ್ತಿಗೂ ಆ ಸಿನಿಮಾ ಅಂದರೆ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದು ಪುಟ್ಟಮಲ್ಲಿ.

ಆಮೇಲೆ 2008ರಲ್ಲಿ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಇರುವ ಸೂಲಗಿತ್ತಿ ಗುಲಾಬಿ. ಸಿನಿಮಾ ಅಂದರೆ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಸಿಗುತ್ತದೆ. ಅಲ್ಲಿಯವರೆಗೆ ಹೊಸ್ತಿಲು ತುಳಿಯದ ಹೆಂಗಸರೆಲ್ಲ ಟಿವಿ ನೋಡೋದಕ್ಕೆ ಅವಳ ಮನೆಗೆ ಬರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತು, ಗುಲಾಬಿ ಮುಸ್ಲಿಂ ಹೆಂಗಸು. ಕೊನೆಗೆ ಆ ಊರಲ್ಲೇ ಅವಳಿಗೆ ಇರಲಾಗದ ಹಾಗೆ ಆಗುತ್ತದೆ.

ಈ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಶ್ರೇಷ್ಠ ನಟಿ ಅಂತ. ಎಲ್ಲರಿಗೂ ಖುಷಿ. ಆ ಖುಷಿಯಲ್ಲೇ ಎಷ್ಟೋ ಜನ ಒಂದು ಮಾತು ಆಡಿದರು, "ಅಯ್ಯೋ, ಇವರು ಇಷ್ಟು ಚೆನ್ನಾಗಿ ಆ್ಯಕ್ಟಿಂಗ್ ಮಾಡ್ತಾರಾ!" ಹೊಗಳಿಕೆಯೇ, ಆದರೆ ನನಗೆ ಕೋಪ ಬರುವುದು ಇಲ್ಲೇ. ಹಾಗಾದರೆ ಇಷ್ಟು ದಿನ ಮಾಡಿದ್ದು ಏನು? ತಮಾಷೆ ಸುಮ್ನೆ ತಾನಾಗಿ ಉದುರುತ್ತಿತ್ತಾ?

ಇನ್ನೊಂದು ವಿಷಯ. ಗುಲಾಬಿಗಿಂತ ಎಷ್ಟೋ ಮೊದಲು ಇದೇ ಉಮಾಶ್ರೀ ರಂಗದ ಮೇಲೆ ಸಾಕವ್ವ ಆಗಿದ್ದರು. ದೇವನೂರ ಮಹಾದೇವ ಅವರ 'ಒಡಲಾಳ' ಕಿರುಕಾದಂಬರಿಯನ್ನು ರಂಗನಿರ್ದೇಶಕ ಸಿ.ಜಿ.ಕೆ. ನಾಟಕ ಮಾಡಿಸಿದಾಗ. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಮುದುಕಿ, ರಾತ್ರಿಯೆಲ್ಲ ಕೂತು ಕದ್ದ ಕಡಲೆಕಾಯಿ ತಿನ್ನುವ ಮನೆ, ಬೆಳಗಾದರೆ ಪೊಲೀಸರು. ಆ ನಾಟಕ ನೋಡಿದವರು ಇವತ್ತಿಗೂ ಸಾಕವ್ವನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸಿನಿಮಾದ ಉಮಾಶ್ರೀಯನ್ನು ನೋಡಿದವರಲ್ಲಿ ಹೆಚ್ಚಿನವರಿಗೆ ಸಾಕವ್ವ ಇದ್ದಳು ಅನ್ನುವುದೇ ಗೊತ್ತಿರಲಿಲ್ಲ. ಸಾಕವ್ವನೂ ಬರೀ ಗೋಳಿನ ಮುದುಕಿ ಅಲ್ಲ ಅನ್ನುವುದನ್ನೂ ಹೇಳಬೇಕು. ಅವಳ ಬಾಯಿ ಬಲು ಜೋರು. ಅವಳು ಬೈಯುವಾಗ ನಗು ಬರುತ್ತದೆ, ನಕ್ಕ ಮೇಲೆ ಹೊಟ್ಟೆಯಲ್ಲಿ ಸಂಕಟ. ಗುಲಾಬಿಯೂ ಹಾಗೆಯೇ. ಸಿನಿಮಾ ಹುಚ್ಚಿನ ಗುಲಾಬಿಯನ್ನು ನೋಡಿ ಮೊದಲು ನಗದೇ ಇದ್ದರೆ ಕೊನೆಯಲ್ಲಿ ಅವಳಿಗಾಗಿ ಇಷ್ಟು ನೋವಾಗುವುದಿಲ್ಲ. ನಗಿಸೋದು ಗೊತ್ತಿಲ್ಲದವರು ಈ ಎರಡು ಪಾತ್ರಗಳನ್ನು ಮಾಡಿದ್ದರೆ ಅರ್ಧವೇ ಮಾಡಿದ ಹಾಗೆ ಆಗುತ್ತಿತ್ತು.

ನಡುವೆ ರಾಜಕೀಯ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಖಾತೆಯೂ ಸಿಕ್ಕಿತು. ನಾಟಕದವರು ಅರ್ಜಿ ಹಿಡಿದು ಅಲೆಯುವ ಇಲಾಖೆಗೆ ನಾಟಕದವರೇ ಮಂತ್ರಿ. ಅದರ ಲೆಕ್ಕಾಚಾರ ರಾಜಕೀಯದವರಿಗೆ ಬಿಡೋಣ.

ನನಗೆ ಜಾಸ್ತಿ ಕುತೂಹಲ ಅದರ ನಂತರದ್ದು. 2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಉಮಾಶ್ರೀಯವರೇ ಪುಟ್ಟಕ್ಕ. ಮೂರೂ ಹೆಣ್ಣು ಅಂತ ಗಂಡ ಬಿಟ್ಟು ಹೋದ ಹೆಂಗಸು, ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಧಾರಾವಾಹಿ ಅಂದರೆ ಗೊತ್ತಲ್ಲ, ದಿನಾ ಒಂದು ಕಂತು, ಒಂದೊಂದು ಮುಖವನ್ನೂ ಮೂರು ಮೂರು ಸಲ ತೋರಿಸಿ ಢಂ ಢಂ ಅನ್ನಿಸುವ ಸಂಗೀತ. ಕಾಮಿಡಿಯಲ್ಲಿ ಕಣ್ಣ ಮೂಲೆಯಲ್ಲೇ ಕೆಲಸ ಮುಗಿಸುತ್ತಿದ್ದವರಿಗೆ ಈ ಕ್ಲೋಸಪ್ಪಿನ ಕಾಟ ಬೇರೆ ಥರದ್ದು. ಆದರೂ ಪುಟ್ಟಕ್ಕ ಗೆದ್ದಳು. ಟಿಆರ್‌ಪಿ ಪಟ್ಟಿಯಲ್ಲಿ ಮೇಲೆ ಹೋಗಿ ಕೂತಳು.

ಅದೇ ಧಾರಾವಾಹಿಯಲ್ಲಿ ಬಡ್ಡಿ ಬಂಗಾರಮ್ಮ ಅಂತ ಒಂದು ಪಾತ್ರ. ಮೈತುಂಬ ಒಡವೆ, ಗತ್ತು, ಊರೆಲ್ಲ ನಡುಗಬೇಕು. ಮಾಡಿದವರು ಮಂಜುಭಾಷಿಣಿ. ಯಾರು ಅಂತ ಗುರುತು ಸಿಕ್ಕಿತಾ? 'ಸಿಲ್ಲಿ ಲಲ್ಲಿ'ಯ ಸಮಾಜಸೇವಕಿ ಲಲಿತಾಂಬ! ಒಂದು ಕಾಲಕ್ಕೆ ಈಟಿವಿ ಹಾಕಿಕೊಂಡು ಮನೆಮಂದಿಯೆಲ್ಲ ನಕ್ಕಿದ್ದೆವಲ್ಲ, ಅದೇ ಲಲ್ಲಿ. ಪುಟ್ಟಕ್ಕ ಬಂಗಾರಮ್ಮ ಎದುರುಬದುರು ನಿಂತರೆ, ಒಂದೇ ಫ್ರೇಮಿನಲ್ಲಿ ಕನ್ನಡದ ಇಬ್ಬರು ಮಹಾ ನಗಿಸುವವರು, ಇಬ್ಬರೂ ಸೀರಿಯಸ್. ನೋಡುವವರು ಉಸಿರು ಬಿಗಿಹಿಡಿದು, ಬಡ್ಡಿ ದುಡ್ಡು ಏನಾಗುತ್ತದೋ ಅಂತ ಕೂತಿರುತ್ತಿದ್ದರು. ಯಾರಾದರೂ ಆ ಇಬ್ಬರಿಗೆ ಒಂದು ಒಳ್ಳೆ ಜಗಳ ಬರೆದುಕೊಡಬಾರದಾ? ಬಡ್ಡಿಯ ಬಗ್ಗೆ ಬೇಡ, ಅಕ್ಕಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹಗ್ಗಕ್ಕಾಗಿ ಜಗಳ ಆಡಿದರೂ ಸಾಕು. ಅರ್ಧ ಗಂಟೆ, ನಡುವೆ ಜಾಹೀರಾತು ಇರಬಾರದು.