ಹೊರನಾಡಲ್ಲಿ ನನ್ನ ಓಟು ಇನ್‌ಸ್ಕ್ರಿಪ್ಟಿಗೆ

ಕನ್ನಡದ ಕೈಗೆ ಹಿತವಾದ ಕೀಲಿಮಣೆ ಯಾವುದು ಎಂದರೆ ಕೆ.ಪಿ. ರಾವ್ ವಿನ್ಯಾಸವೇ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಒತ್ತಕ್ಷರ ಬೇಕಾದಾಗ ನಡುವೆ ಒಂದು ಎಫ್. ಊರ ಕಡೆಯವರು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳನ್ನು ಹಾಕಿಕೊಂಡು ಅದರಲ್ಲೇ ಆರಾಮವಾಗಿದ್ದಾರೆ, ಇರಲಿ. ರಾಜ್ಯದ ಹೊರಗೆ ಕೆಲಸ ಮಾಡುವವರ ಪಾಡು ಬೇರೆ. ಆಫೀಸಿನ ಲ್ಯಾಪ್‌ಟಾಪಿಗೆ ಹೊಸ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಕನ್ನಡ ಟೈಪ್ ಮಾಡೋಕೆ ಎಂದರೆ ಐಟಿಯವರು ಮುಖ ಮುಖ ನೋಡುತ್ತಾರೆ.

ಇನ್‌ಸ್ಕ್ರಿಪ್ಟಿಗೆ ಯಾರನ್ನೂ ಕೇಳಿಕೊಳ್ಳಬೇಕಿಲ್ಲ. ಭಾರತದ ಹಲವು ಲಿಪಿಗಳಿಗೆ ಒಂದೇ ಮಾದರಿಯಲ್ಲಿ ಮಾಡಿದ ಈ ಕೀಲಿಮಣೆ ವಿನ್ಯಾಸ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲೇ ಇದೆ. (ಲಿನಕ್ಸಿನಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನೇ ಆಧರಿಸಿದ ಕಗಪ ವಿನ್ಯಾಸವೂ ಇದೆ, ಅಲ್ಲಿರುವವರು ಪುಣ್ಯವಂತರು.) ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಆಗ ಅದನ್ನೇ ಡಿಸ್‌ಪ್ಲೇ ಭಾಷೆ ಮಾಡುವ ಗುರುತು ಇದ್ದರೆ ತೆಗೆಯಿರಿ, ಇಲ್ಲವಾದರೆ ಮೆನುಗಳೆಲ್ಲ ಕನ್ನಡಕ್ಕೆ ತಿರುಗಿ ಪಕ್ಕದ ಸಹೋದ್ಯೋಗಿ ಕಕ್ಕಾಬಿಕ್ಕಿ. ಭಾಷೆ ಬದಲಿಸಲು ವಿಂಡೋಸ್ ಕೀಲಿಯ ಜೊತೆ ಸ್ಪೇಸ್.

ಮೇಲಿನ ಎರಡು ಅಕ್ಷರಸಾಲುಗಳಲ್ಲಿ ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಕೆಳಸಾಲು ಮಾತ್ರ ಈ ಶಿಸ್ತಿಗೆ ಬಗ್ಗುವುದಿಲ್ಲ. ನ, ಮ, ವ ಅಲ್ಲಿ ಎಡಗೈಗೇ ಬಿದ್ದಿವೆ. ‘ಕನ್ನಡ’ ಎಂದು ಬರೆಯಲು ಕೆ, ವಿ, ಡಿ, ವಿ, ಕೊನೆಗೆ ಪಿ ಪಕ್ಕದ ಚೌಕ ಆವರಣ. ಡಿ ಇಲ್ಲಿ ಅರ್ಧಾಕ್ಷರದ ಕೀಲಿ. ಶಿಫ್ಟ್ ಹಿಡಿದರೆ ಅದೇ ಅ. ಶಿಫ್ಟ್ ಹಿಡಿದ ಕೆ ಖ ಆಗುತ್ತದೆ. ಇನ್ನೊಂದು ಲಾಭ ಹೊರನಾಡಿನವರಿಗೇ ಮೀಸಲು: ಹಿಂದಿ, ಮರಾಠಿ, ತೆಲುಗು ಇನ್‌ಸ್ಕ್ರಿಪ್ಟಿನಲ್ಲೂ ಕ ಇರುವುದು ಅದೇ ಜಾಗದಲ್ಲಿ. ಬೆರಳು ಒಮ್ಮೆ ಕಲಿತರೆ ಲಿಪಿಯಷ್ಟೇ ಬದಲು.

ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಆರಿಸಿಕೊಳ್ಳುವ ಲಿಪ್ಯಂತರ ಫೋನಿಗೆ ಸಾಕು. ನಾಲ್ಕು ಪುಟ ಬರೆಯುವವರಿಗೆ ಅದು ಶತ್ರು. ಹಳ್ಳಿ ಬೇಕೆಂದಾಗ ಹಲ್ಲಿ, ಮಣೆ ಬೇಕೆಂದಾಗ ಮನೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕಕ್ಕೂ ತಪ್ಪು ಕಾಣುವುದಿಲ್ಲ.

ಹಳೆಯ ನುಡಿ ಫಾಂಟಿನ ಕಡತವನ್ನು ಹಾಗೆಯೇ ಕಳಿಸುವವರ ಮೇಲೆ ನನಗೆ ಸಿಟ್ಟಿದೆ. ಅಲ್ಲಿರುವುದು ಕನ್ನಡದ ಸಂಕೇತಗಳೇ ಅಲ್ಲ, ಲ್ಯಾಟಿನ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ವೇಷ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಅಕ್ಷರಗಳ ಸಂತೆ. ಹುಡುಕಿದರೂ ಏನೂ ಸಿಗದು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡಿಗೆ ಪರಿವರ್ತಿಸಿ ಕಳಿಸಿ.

ಯುನಿಕೋಡಿನಲ್ಲೂ ಒಂದು ಕಿರಿಕಿರಿ ಉಂಟು. ಸಾಫ್ಟ್‌ವೇರ್ ಎಂದು ಹೊಡೆಯಲು ಹೋದರೆ ವ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಟ್ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಮೈಕ್ರೋಸಾಫ್ಟ್ ವರ್ಡ್‌ನಲ್ಲಾದರೆ ಇಂಗ್ಲಿಷ್ ಕೀಲಿಮಣೆಗೆ ಬಂದು 200 ಮತ್ತು ಸಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ.

ಕೀಲಿಗಳಿಗೆ ಸ್ಟಿಕರ್ ಅಂಟಿಸಬೇಡಿ, ಕಣ್ಣು ಕೆಳಗೇ ಉಳಿಯುತ್ತದೆ. ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಭಾಷೆ ಕನ್ನಡದಲ್ಲಿದ್ದಾಗ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕನ್ನಡದ ಕೀಲಿಮಣೆ ಬರುತ್ತದೆ. ಅದನ್ನು ಮೂಲೆಯಲ್ಲಿಟ್ಟು ಅಭ್ಯಾಸ ಮಾಡಿ. ಪಾಸ್‌ವರ್ಡ್ ಎಷ್ಟು ಸಲ ಹೊಡೆದರೂ ತಪ್ಪು ಎಂದು ಬಂದರೆ ಮೊದಲು ಮೂಲೆಯ ಭಾಷೆಯ ಗುರುತು ನೋಡಿ, ಕನ್ನಡದಲ್ಲೇ ಉಳಿದಿರುತ್ತದೆ.