ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು

ಹೋದ ವಾರ ಶಿರಾ ಕಡೆಯ ಒಂದು ಗೊಲ್ಲರಹಟ್ಟಿಗೆ ಹೋಗಿದ್ದೆ. ಕುರಿ ಮೇಯಲು ಹೋಗಿ ರೊಪ್ಪ ಖಾಲಿ ಇತ್ತು. ಮುಳ್ಳು ಬೇಲಿ ಪಕ್ಕ ಕೂತಿದ್ದ ಅಜ್ಜ ದೂರಕ್ಕೆ ಕೈ ತೋರಿಸಿದರು. ಒಣಹುಲ್ಲಿನ ನಡುವೆ ಸುಣ್ಣ ಬಳಿದ ಗಡಿಕಲ್ಲು.

"ಅದು ಅರಣ್ಯ ಅಂತೆ. ಅಲ್ಲಿಂದಾಚೆ ಕುರಿ ಬಿಡಂಗಿಲ್ವಂತೆ ಕಣಪ್ಪ."

ನಿಮ್ಮನ್ನು ಕೇಳಿದರಾ ಅಜ್ಜ ಅಂದೆ.

"ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು."

ಅದರಲ್ಲಿ ಏನು ಬರೆದಿತ್ತು ಅಂತ ಅವರಿಗೆ ಗೊತ್ತಿಲ್ಲ. ಯಾರೂ ಓದಿ ಹೇಳಲಿಲ್ಲ. ಎಡಗೈ ಹೆಬ್ಬೆರಳನ್ನು ಪಂಚೆಗೆ ಉಜ್ಜುತ್ತಾ ಸುಮ್ಮನಾದರು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಪರವಾಗಿ 144 ದೇಶ, ವಿರುದ್ಧ 4. ಭಾರತದ ಮತ ಪರವಾಗಿಯೇ ಬಿತ್ತು. ಅದರ 10ನೇ ವಿಧಿ ಪ್ರಕಾರ ಜನರನ್ನು ಅವರ ನೆಲದಿಂದ ಬಲವಂತವಾಗಿ ಎಬ್ಬಿಸುವಂತಿಲ್ಲ. ಒಪ್ಪಿಗೆ ಬೇಕು. ಅದೂ ಮೊದಲೇ ಕೇಳಿ, ವಿಷಯ ತಿಳಿಸಿ, ಒತ್ತಾಯ ಇಲ್ಲದೆ ಪಡೆದದ್ದು. ಅಜ್ಜನ ಹೆಬ್ಬೆಟ್ಟು ಇದರಲ್ಲಿ ಯಾವುದು ಹೇಳಿ?

ಮತ ಹಾಕುವಾಗಲೇ ನಮ್ಮ ದೇಶ ಒಂದು ಮಾತು ಸೇರಿಸಿತ್ತು. ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರು, ಅವರ ಮುಂದಿನವರು ಎಲ್ಲರೂ ಮೂಲನಿವಾಸಿಗಳೇ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಎಲ್ಲರೂ ಮೂಲನಿವಾಸಿಗಳಾದರೆ ಹಟ್ಟಿಯವರು ಯಾರ ಬಾಗಿಲು ತಟ್ಟಬೇಕು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1989ರ 169ನೇ ಒಪ್ಪಂದಕ್ಕಂತೂ ನಾವು ಇನ್ನೂ ಸೇರಿಲ್ಲ.

ಈ ಹಟ್ಟಿಯ ಜನ, ಅಂದರೆ ಕುರಿ ಸಾಕುವ ಕಾಡುಗೊಲ್ಲರು, ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಆದರೆ ಪಟ್ಟಿಯಲ್ಲಿಲ್ಲ ಅಂತ ಹಕ್ಕೇ ಇಲ್ಲ ಅನ್ನುವುದು ತಪ್ಪು. 2006ರ ಅರಣ್ಯ ಹಕ್ಕು ಕಾಯ್ದೆ ಎಸ್‌ಟಿ ಅಲ್ಲದವರಿಗೂ ಇದೆ. ಮೂರು ತಲೆಮಾರು, ಅಂದರೆ 75 ವರ್ಷದಿಂದ ಅಲ್ಲೇ ಇದ್ದು ಕಾಡನ್ನೇ ನಂಬಿ ಬದುಕಿದ್ದೇವೆ ಅಂತ ತೋರಿಸಬೇಕು. ಅದು ಕಷ್ಟ, ನಿಜ. ಆದರೆ ಕುರಿ ಮೇಯಿಸುವ ಹಕ್ಕೂ ಅದರಲ್ಲಿದೆ. ಹಳೆ ಬಾವಿ, ಸಮಾಧಿ, ದೇವರ ಜಾಗ, ಹಿರಿಯರ ಹೇಳಿಕೆ, ಇವೂ ಸಾಕ್ಷಿಯೇ. ಹಟ್ಟಿಯಲ್ಲಿ ಜುಂಜಪ್ಪನ ಗುಡಿ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ!

ಕೇಳಿದರೆ ಏನಾಗುತ್ತದೆ ಅಂತ ಒಡಿಶಾದ ನಿಯಮಗಿರಿ ತೋರಿಸಿದೆ. ಬೆಟ್ಟದಲ್ಲಿ ಗಣಿ ಬೇಕೋ ಬೇಡವೋ ಗ್ರಾಮಸಭೆಗಳೇ ಹೇಳಲಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. ಒಪ್ಪಿಗೆ ಕೇಳುವುದು ಅಂದರೆ ಬೇಡ ಅನ್ನೋಕೂ ಬಿಡುವುದು, ಅಲ್ವಾ?

ಈ ಭಾನುವಾರ ಅರ್ಜಿ ನಮೂನೆ ಹಿಡಿದುಕೊಂಡು ಮತ್ತೆ ಹಟ್ಟಿಗೆ ಹೋಗುತ್ತೇನೆ. ಕಾನೂನು ಗೊತ್ತಿರುವ ಗೆಳೆಯರು ಯಾರಾದರೂ ಜೊತೆಗೆ ಬನ್ನಿ. ಮೊದಲಿನಿಂದ ಕೊನೆವರೆಗೆ ಗಟ್ಟಿಯಾಗಿ ಓದಿ ಹೇಳೋಣ. ಹೆಬ್ಬೆಟ್ಟಿನ ಮಾತು ಆಮೇಲೆ.